ಏಳನೆಯ ಪ್ರಕರಣ

"ಏನ್ರೀ ಅದು? ಸ್ವಲ್ಪ ದೂರ ನಿಂತ್ಕೊಳ್ಳೋಕಾಗಲ್ವಾ?"

ಪವಿತ್ರ ಪುಸ್ತಕ ಮುಚ್ಚಿ ತಿರುಗಿ ನೋಡಿದಳು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೊರಟ ಬೆಳಗಿನ ಬಸ್ಸು ಕಿಕ್ಕಿರಿದಿತ್ತು. ಅವಳ ಸೀಟಿಗೆ ಒರಗಿ ನಿಂತಿದ್ದ ಗಂಡಸು ಬೆಚ್ಚಿ ನೆಟ್ಟಗಾದ. ನಾಲ್ಕಾರು ತಲೆಗಳು ಅವನ ಕಡೆ ತಿರುಗಿದವು.

"ಕ್ಷಮಿಸಿ," ಎಂದ. ಕಿವಿಯ ತುದಿ ಕೆಂಪಗಾಗಿತ್ತು. "ನೀವು ಪುಟ ತುಂಬಾ ಬೇಗ ತಿರುಗಿಸ್ತೀರಿ. ಆ ಡಾಕ್ಟರ ಹೆಂಡತಿ ಬಾಗಿಲು ತೆಗೆದ್ಲಾ ಇಲ್ವಾ ಅಂತ ಗೊತ್ತಾಗ್ಲಿಲ್ಲ."

ಪವಿತ್ರಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವನು ನೋಡುತ್ತಿದ್ದುದು ಅವಳನ್ನಲ್ಲ, ಅವಳ ತೊಡೆಯ ಮೇಲಿದ್ದ ಪತ್ತೇದಾರಿ ಕಾದಂಬರಿಯನ್ನು. ಸಿಟ್ಟು ಇಳಿಯಿತು, ಜೊತೆಗೆ ಸಣ್ಣದೊಂದು ನಿರಾಸೆಯೂ ಆಯಿತು. ಅದನ್ನು ಅವಳು ಒಪ್ಪಿಕೊಂಡದ್ದು ಎಷ್ಟೋ ದಿನಗಳಾದ ಮೇಲೆ.

"ತೆಗೆದ್ಲು," ಎಂದಳು.

"ಆಮೇಲೆ?"

"ಆಮೇಲೆ ಏನಾಯ್ತು ಅಂತ ಓದೋಷ್ಟರಲ್ಲಿ ನೀವು ಮೈಮೇಲೆ ಬಿದ್ರಿ."

ಪಕ್ಕದ ಸೀಟಿನಲ್ಲಿದ್ದ ಶಿವನಂಜಮ್ಮ ಜೋರಾಗಿ ನಕ್ಕರು. ಅವನೂ ನಕ್ಕ. ಅದು ತೊಂಬತ್ತಾರನೇ ಇಸವಿಯ ಜುಲೈ ತಿಂಗಳು.

ಅವನ ಹೆಸರು ಅಮೃತೇಶ್. ನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಊರು ದೇವನೂರು, ಅವ್ವ ಅಲ್ಲಿದ್ದರು, ತಾನು ನಂಜನಗೂಡಿನಲ್ಲಿ ರೂಮು ಮಾಡಿಕೊಂಡಿದ್ದ. ಪವಿತ್ರಳೂ ನಂಜನಗೂಡಿನವಳೇ. ನರಸೀಪುರದ ಕೋರ್ಟಿನ ಎದುರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ವಕೀಲರ ಕಾಗದಪತ್ರ ಟೈಪ್ ಮಾಡುತ್ತಿದ್ದಳು.

ಆ ಬಸ್ಸಿನಲ್ಲಿ ಮೂರು ಜನರ ಒಂದು ಲೈಬ್ರರಿ ಇತ್ತು. ಶಿವನಂಜಮ್ಮ ಸರ್ಕಾರಿ ನರ್ಸ್. ಅವರಿಗೆ ಕಥೆಯಲ್ಲಿ ಯಾರಾದರೂ ವಿಷ ಹಾಕಲೇಬೇಕು. ಬ್ಯಾಂಕಿನ ಗುಮಾಸ್ತ ಚಿಕ್ಕಸ್ವಾಮಿಗೆ ದೆವ್ವ, ಸ್ಮಶಾನ, ಪಾಳುಮನೆ. ಪವಿತ್ರಳಿಗೆ ಎಲ್ಲವೂ ಆಗುತ್ತಿತ್ತು, ಅದರಲ್ಲೂ ನಿಜವಾಗಿ ನಡೆದ ಕೊಲೆಗಳ ಕಥೆ ಎಂದರೆ ಪ್ರಾಣ. ಮೈಸೂರಿನ ಫುಟ್‌ಪಾತಿನಲ್ಲಿ ಕೊಂಡ ಹಳೆ ಪುಸ್ತಕಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮುಖಪುಟದ ಚೂರಿ, ರಕ್ತ ಯಾರಿಗೂ ಕಾಣದಂತೆ ಎಲ್ಲಕ್ಕೂ ಖಾಕಿ ಕಾಗದದ ರಟ್ಟು. ಆ ವಾರವೇ ಅಮೃತೇಶ್ ನಾಲ್ಕನೆಯವನಾಗಿ ಸೇರಿದ.

ಸೇರುವಾಗ ಅವನು ಹಾಕಿದ್ದು ಒಂದೇ ಷರತ್ತು.

"ಕಟ್ಟುಕಥೆಯಲ್ಲಿ ಎಷ್ಟು ಕೊಲೆ ಬೇಕಾದ್ರೂ ಆಗ್ಲಿ. ನಿಜವಾಗಿ ನಡೆದದ್ದು ಮಾತ್ರ ನನಗೆ ಬೇಡ."

"ಹೆದರ್ತೀರಾ ಮೇಷ್ಟ್ರೇ?" ಪವಿತ್ರ ಕೆಣಕಿದಳು.

"ಹೂಂ. ಹೆದರ್ತೀನಿ," ಎಂದ ಅವನು. ಹೇಳುವಾಗ ಅವನು ನಕ್ಕಿರಲಿಲ್ಲ. ಅವಳು ಅದನ್ನು ಗಮನಿಸಲಿಲ್ಲ.

ಅವನಿಗೆ ಓದುವಾಗ ಪೆನ್ಸಿಲ್ ಹಿಡಿಯುವ ಅಭ್ಯಾಸ. ಯಾರ ಮೇಲೆ ಅನುಮಾನ ಬಂದರೂ ಆ ಹೆಸರಿನ ಪಕ್ಕ ಸಣ್ಣಗೆ 'ಇವನೇ' ಎಂದು ಬರೆಯುತ್ತಿದ್ದ. ಪುಸ್ತಕ ತನ್ನ ಕೈಗೆ ಬಂದಾಗ ಪವಿತ್ರ ಅದರ ಕೆಳಗೆ 'ಅಲ್ಲ' ಎಂದು ಬರೆಯುವಳು. ಮೇಷ್ಟ್ರ ಲೆಕ್ಕ ಯಾವಾಗಲೂ ತಪ್ಪುತ್ತಿತ್ತು. ತಪ್ಪಿದ ದಿನ ಅವನು ಕಂಬಿ ಹಿಡಿದು ನಿಂತಲ್ಲಿಂದಲೇ ಸೋತವನಂತೆ ಹುಬ್ಬು ಎತ್ತುತ್ತಿದ್ದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಗದ್ದೆಬಯಲಿಗೆ ತನ್ನ ನಗುವನ್ನು ಕೊಟ್ಟುಬಿಡುತ್ತಿದ್ದಳು. ಆದರೆ ಗಾಜಿನಲ್ಲಿ ಅವನಿಗೆ ಅದು ಕಾಣುತ್ತಿತ್ತು. ಕಾಣುತ್ತದೆಂದು ಅವಳಿಗೂ ಗೊತ್ತಿತ್ತು.

ನವೆಂಬರಿನ ಹೊತ್ತಿಗೆ ಪುಟದಂಚಿನ ಮಾತು ಬೇರೆಯಾಯಿತು. ಹೆಣ ಸಿಕ್ಕ ಪುಟದ ಪಕ್ಕದಲ್ಲಿ, 'ನಿನ್ನೆ ಯಾಕೆ ಬರಲಿಲ್ಲ?' ಎರಡು ದಿನ ಬಿಟ್ಟು ಅದರ ಕೆಳಗೆ, 'ಜ್ವರ ಇತ್ತು.' ಮತ್ತೆರಡು ದಿನಕ್ಕೆ, 'ಈಗ?' ಆ 'ಈಗ' ಎಂಬ ಎರಡಕ್ಷರದ ಮೇಲೆ ಪವಿತ್ರ ಬೆರಳಿಟ್ಟು ಕುಳಿತಳು. ನರಸೀಪುರ ಬಂದದ್ದೇ ತಿಳಿಯಲಿಲ್ಲ.

"ಪುಸ್ತಕದಾಗೆ ಅಂಥಾದ್ದೇನವ್ವ ಇರಾದು, ಇಷ್ಟ್ ಕೆಂಪಗಾಗಿದೀಯ?" ಎಂದರು ಶಿವನಂಜಮ್ಮ. "ಕೊಲೆ ಓದಿ ನಾಚ್ಕೊಳ್ಳೋವ್ಳನ್ನ ಇವತ್ತೇ ನೋಡಿದ್ದು ನಾನು."

ಜನವರಿಯಲ್ಲಿ ಪವಿತ್ರ ಒಂದು ತಪ್ಪು ಮಾಡಿದಳು.

ಅವಳ ಬಳಿ ಹನ್ನೆರಡು ನಿಜ ಪ್ರಕರಣಗಳ ಒಂದು ಪುಸ್ತಕವಿತ್ತು. ಹಿಂದೆ ಕ್ರೈಂ ವಾರಪತ್ರಿಕೆಗೆ ಬರೆಯುತ್ತಿದ್ದವರೊಬ್ಬರು ತಮ್ಮ ಬರಹಗಳನ್ನೇ ಒಟ್ಟು ಮಾಡಿ ಅಚ್ಚು ಹಾಕಿಸಿದ್ದು. ಮೂರು ಸಲ ಓದಿದ್ದಳು. ಅದರಲ್ಲೂ ಏಳನೆಯ ಪ್ರಕರಣ ಬಾಯಿಪಾಠ. ಸರಳಾ ಎಂಬ ಚೆಲುವೆ, ಗಂಡನಿಗೆ ತಿಳಿಯದ ಪ್ರೇಮಿ, ಟ್ರಂಕಿನಲ್ಲಿ ಸಿಕ್ಕ ಪ್ರೇಮಪತ್ರ, ರೊಚ್ಚಿಗೆದ್ದ ಗಂಡ, ಕೊನೆಗೆ ನಾಲೆಯಲ್ಲಿ ತೇಲಿದ ಹೆಣ. ಆ ಪುಟದ ಅಂಚಿನಲ್ಲಿ ಪವಿತ್ರ ಯಾವಾಗಲೋ ಬರೆದಿದ್ದಳು: 'ಎಷ್ಟು ನಿಗೂಢವಾದ ಹೆಂಗಸು! ಇದೇ ಬೆಸ್ಟ್.'

"ತಗೊಳ್ಳಿ. ಕಟ್ಟುಕಥೆನೇ," ಎಂದು ಸುಳ್ಳು ಹೇಳಿ ಖಾಕಿ ರಟ್ಟಿನ ಪುಸ್ತಕವನ್ನು ಅವನ ಕೈಗಿಟ್ಟಳು. ಓದಿ ಮುಗಿಸಿದ ಮೇಲೆ, 'ನೋಡಿ ಮೇಷ್ಟ್ರೇ, ಎಲ್ಲಾ ನಿಜ, ನಿಮಗೇನೂ ಆಗ್ಲಿಲ್ವಲ್ಲ' ಎಂದು ನಗಬೇಕೆಂದಿದ್ದಳು.

ಸೋಮವಾರ ಅವನು ಬಸ್ಸಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಅದಕ್ಕೂ ಮುಂಚಿನ ಏಳು ಗಂಟೆಯ ಬಸ್ಸಿಗೇ ಹೋಗುತ್ತಿದ್ದಾನೆಂದು ಯಾರೋ ಹೇಳಿದರು. ಗುರುವಾರ ಚಿಕ್ಕಸ್ವಾಮಿ ಪುಸ್ತಕ ತಂದುಕೊಟ್ಟ.

"ಮೇಷ್ಟ್ರು ಕೊಟ್ರು ಕಣಮ್ಮ. ಮಾತೇ ಆಡ್ಲಿಲ್ಲ. ಏನಾಯ್ತು?"

ಪವಿತ್ರ ಪುಟ ತಿರುವಿದಳು. ಏಳನೆಯ ಪ್ರಕರಣದಲ್ಲಿ, ತಾನು ಬರೆದ ಸಾಲಿನ ಕೆಳಗೆ, ಅವನ ಪೆನ್ಸಿಲ್ ಅಕ್ಷರ ಇತ್ತು.

'ಅವಳು ನಿಗೂಢ ಆಗಿರಲಿಲ್ಲ. ಅವಳ ಹೆಸರು ಸರಳಾ ಅಲ್ಲ. ಪುಟ್ಟಗೌರಮ್ಮ. ನನ್ನ ಅಕ್ಕ.'

ಬಸ್ಸು ಎಲ್ಲಿ ನಿಂತಿತು, ಯಾರು ಇಳಿದರು, ಅವಳಿಗೆ ತಿಳಿಯದು. ಮೂರು ಸಲ ಓದಿದ್ದೆನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮಳೆಯ ದಿನ ಕಂಬಳಿ ಹೊದ್ದು ಕುಳಿತು, ಹುರಿದ ಕಡಲೆಕಾಯಿ ತಿನ್ನುತ್ತಾ ಓದಿದ್ದಳು.

ಆ ಸಂಜೆ ಶಾಲೆ ಬಿಡುವ ಹೊತ್ತಿಗೆ ಅವಳು ಗೇಟಿನ ಬಳಿ ನಿಂತಿದ್ದಳು. ಅವನು ಅವಳನ್ನು ಕಂಡು ನಿಧಾನಿಸಿದ, ಆದರೆ ದಾಟಿಕೊಂಡು ಹೋಗಲಿಲ್ಲ. ಇಬ್ಬರೂ ನಡೆದು ಹೊಳೆಯ ಮೆಟ್ಟಿಲಿಗೆ ಬಂದರು. ಕಪಿಲೆ ಕಾವೇರಿಗೆ ಸೇರುವ ಕಡೆ ನೀರು ತೆಳ್ಳಗೆ ಹರಿಯುತ್ತಿತ್ತು.

"ಸುಳ್ಳು ಹೇಳಿ ಕೊಟ್ಟೆ," ಎಂದಳು ಪವಿತ್ರ. "ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರ್ತಿಲ್ಲ."

"ನಿಮಗೆ ಗೊತ್ತಿರ್ಲಿಲ್ವಲ್ಲ."

"ಬೇಡ ಅಂದಿದ್ರಿ. ಅಷ್ಟು ಗೊತ್ತಿತ್ತಲ್ಲ."

ಅವನು ತಾನಾಗಿಯೇ ಹೇಳತೊಡಗಿದ. ಅಕ್ಕನನ್ನು ಹುಲ್ಲಹಳ್ಳಿ ಆಚೆಯ ಒಂದೂರಿಗೆ ಕೊಟ್ಟಿದ್ದರು. ಎಂಬತ್ತೇಳರಲ್ಲಿ ನಾಲೆಯಲ್ಲಿ ಸಿಕ್ಕಿದಳು. ಅವನಿಗಾಗ ಹತ್ತೊಂಬತ್ತು. ಕೇಸು ನಡೆಯುವಾಗ ಗಂಡನ ಕಡೆಯವರು ಎರಡು ಇನ್‌ಲ್ಯಾಂಡ್ ಲೆಟರ್ ತಂದು ಹಾಜರು ಮಾಡಿದರು, ಯಾರೋ ಪ್ರೇಮಿ ಅವಳಿಗೆ ಬರೆದದ್ದೆಂದು. ಅದರ ಮುಂದಿನ ವಾರವೇ ಆ ಕ್ರೈಂ ಪತ್ರಿಕೆಯಲ್ಲಿ ಬಂತು. ದೇವನೂರಿನ ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಅಪ್ಪ ಆ ವರ್ಷವೇ ತೀರಿಕೊಂಡರು.

"ತೀರ್ಪು?"

"ಗಂಡನಿಗೆ ಜೀವಾವಧಿ ಆಯ್ತು. ಆದ್ರೆ ಊರಲ್ಲಿ ಏನಂತಾರೆ ಗೊತ್ತಾ? ಅವನಿಗೇನೋ ಶಿಕ್ಷೆ ಆಯ್ತು, ಇವಳೂ ಸರಿಯಿರ್ಲಿಲ್ವಂತೆ. ಅವ್ವ ಅಕ್ಕನ ಹೆಸರು ಎತ್ತಿ ಹತ್ತು ವರ್ಷ ಆಯ್ತು."

"ತೀರ್ಪಿನ ಕಾಪಿ ನೀವು ಓದಿದ್ರಾ?"

"ಇಲ್ಲ."

"ಯಾಕೆ?"

ಅವನು ಎದ್ದು ನಿಂತ. "ಬಿಟ್ಬಿಡಿ ಪವಿತ್ರ. ಬಸ್ಸಿಗೆ ಹೊತ್ತಾಯ್ತು."

ಅವಳು ಬಿಡಲಿಲ್ಲ. ಹಾಗೆಂದು ಧೈರ್ಯವೂ ಇರಲಿಲ್ಲ. ಅವನನ್ನು ಕೇಳದೆ ಮತ್ತೊಮ್ಮೆ ಆ ಮನೆಯ ಒಳಗೆ ಕೈ ಹಾಕುತ್ತಿದ್ದೇನೆಯೇ ಎಂದು ಎರಡು ದಿನ ಒದ್ದಾಡಿದಳು. ಮೂರನೆಯ ದಿನ ವಕೀಲ ನಂಜುಂಡಸ್ವಾಮಿಯವರ ಮುಂದೆ ನಿಂತಳು. ಅವರ ಅರ್ಜಿಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳು ಅವಳೇ.

"ಹಳೇ ಸೆಷನ್ಸ್ ಕೇಸು ಸಾರ್. ತೀರ್ಪಿನ ನಕಲು ಬೇಕಿತ್ತು."

"ನಿಂಗ್ಯಾಕಮ್ಮ ಅದು?"

"ಒಬ್ಬ ಹೆಂಗಸಿನ ಬಗ್ಗೆ ನಾನು ಕೆಟ್ಟದಾಗಿ ಬರೆದಿದ್ದೀನಿ ಸಾರ್. ಸರಿ ಮಾಡ್ಬೇಕು."

ನಂಜುಂಡಸ್ವಾಮಿ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಮತ್ತೇನೂ ಕೇಳದೆ ಅರ್ಜಿ ಹಾಕಿಸಿದರು.

ನಕಲು ಬರಲು ನಾಲ್ಕು ವಾರ ಹಿಡಿಯಿತು. ಆ ನಾಲ್ಕು ವಾರವೂ ಅವನು ಏಳು ಗಂಟೆಯ ಬಸ್ಸಿಗೇ ಹೋದ. ಅವಳ ಸೀಟಿನ ಪಕ್ಕದ ಕಂಬಿಯನ್ನು ಬೇರೆ ಬೇರೆ ಕೈಗಳು ಹಿಡಿದವು. ಒಂದು ಸಂಜೆ ಮಾತ್ರ, ಬಸ್‌ಸ್ಟ್ಯಾಂಡಿನಲ್ಲಿ ಜನರ ತಲೆಗಳಾಚೆ ಇಬ್ಬರ ಕಣ್ಣೂ ಕೂಡಿದವು. ಅವನು ಹುಬ್ಬು ಎತ್ತಲಿಲ್ಲ. ನೋಟವನ್ನೂ ತಪ್ಪಿಸಲಿಲ್ಲ. ಅಳು ಬಂದು ಅವಳು ಕಂಡಕ್ಟರಿಗೆ ಚಿಲ್ಲರೆ ಕೊಡುವುದನ್ನು ಮರೆತಳು.

ತೀರ್ಪು ಅರವತ್ತೊಂದು ಪುಟ, ಇಂಗ್ಲಿಷಿನಲ್ಲಿ. ಊಟದ ಬಿಡುವಿನಲ್ಲಿ ಇನ್‌ಸ್ಟಿಟ್ಯೂಟಿನ ಮೂಲೆಯಲ್ಲಿ ಕುಳಿತು ತೆರೆದಳು. ಅದರಲ್ಲೂ ಅದೇ ಇದ್ದರೆ ಯಾರಿಗೂ ಹೇಳಬಾರದು ಎಂದುಕೊಂಡಿದ್ದಳು.

ಮೂವತ್ತೆಂಟನೇ ಪುಟದಲ್ಲಿ ಅವಳಿಗೆ ಬೇಕಾದ್ದು ಸಿಕ್ಕಿತು. ಅಂಚೆ ಇಲಾಖೆಯ ಅಧಿಕಾರಿಯೊಬ್ಬರು ಸಾಕ್ಷಿ ಹೇಳಿದ್ದರು: ಆ ಎರಡೂ ಇನ್‌ಲ್ಯಾಂಡ್ ಲೆಟರಿನ ಖಾಲಿ ಹಾಳೆಗಳು ಇಲಾಖೆಯಲ್ಲಿ ಅಚ್ಚಾದದ್ದೇ ಪುಟ್ಟಗೌರಮ್ಮ ಸತ್ತ ಮೂರು ತಿಂಗಳ ನಂತರ. ಅಕ್ಷರ ಗಂಡನ ತಮ್ಮನದು. ನ್ಯಾಯಾಧೀಶರು ಅದರ ಕೆಳಗೆ ಬರೆದಿದ್ದ ಪ್ಯಾರಾವನ್ನು ಪವಿತ್ರ ಐದಾರು ಸಲ ಓದಿದಳು. ಅಂದಿನಿಂದ ಒಂದು ವಾರ, ಮಧ್ಯಾಹ್ನದ ಊಟ ಬಿಟ್ಟು, ಬೇಕಾದಷ್ಟು ಭಾಗವನ್ನು ಕನ್ನಡ ಮಾಡಿ ಟೈಪ್ ಮಾಡಿದಳು. ಒಂದು ಅಕ್ಷರ ತಪ್ಪಿದರೂ ಆ ಹಾಳೆ ತೆಗೆದು ಹೊಸದು ಹಾಕುತ್ತಿದ್ದಳು.

ಶನಿವಾರ ಮಧ್ಯಾಹ್ನ, ಶಾಲೆಯ ಎದುರಿನ ಹುಣಸೆಮರದಡಿ, ಆ ಹಾಳೆಗಳನ್ನು ಅವನ ಮುಂದೆ ಹಿಡಿದಳು.

"ಇನ್ನೊಂದ್ಸಲ ನಿಮ್ಮನ್ನ ಕೇಳ್ದೆ ಮಾಡಿದೀನಿ. ಬೈಯಿರಿ. ಆದ್ರೆ ಓದಿ."

ಅವನು ಕೈ ಚಾಚಲಿಲ್ಲ.

"ಯಾಕೆ ಕಾಪಿ ತರ್ಲಿಲ್ಲ ಅಂತ ಕೇಳಿದ್ರಲ್ಲ," ಎಂದ. "ನನಗೇ ಅನುಮಾನ ಇತ್ತು. ಒಂದು ವೇಳೆ ಕಾಗದ ನಿಜ ಆಗಿದ್ರೆ ಅಂತ. ನನ್ನನ್ನ ಎತ್ತಿ ಆಡಿಸಿದೋಳು. ಅವಳ ಮೇಲೆ ಹತ್ತು ವರ್ಷ ನಾನೇ ಅನುಮಾನ ಪಟ್ಟಿದ್ದೀನಿ ಪವಿತ್ರ. ಅವ್ವನಿಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ."

ಪವಿತ್ರ ಮೇಲಿನ ಹಾಳೆಯನ್ನು ತಿರುಗಿಸಿ ಆ ಪ್ಯಾರಾ ಅವನ ಕಣ್ಣಿಗೆ ಬೀಳುವಂತೆ ಹಿಡಿದುಕೊಂಡೇ ನಿಂತಳು. ಅವನು ಓದಿದ. ಮತ್ತೆ ಓದಿದ. ಆಮೇಲೆ ಮರದ ಬೇರಿನ ಮೇಲೆ ಕುಳಿತು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಮಕ್ಕಳು ಹೋಗಿಯಾಗಿತ್ತು. ಗಂಡಸು ಅಳುವುದನ್ನು ಅಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ. ಮುಟ್ಟಬೇಕೆನಿಸಿತು, ಮುಟ್ಟಲಿಲ್ಲ. ಅವನ ಪಕ್ಕ, ಒಂದು ಗೇಣು ಬಿಟ್ಟು, ಬೇರಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೈ ಚಾಚಿ ಅವಳ ಬೆರಳು ಹಿಡಿದ.

"ಅವ್ವನಿಗೆ ಓದಿ ಹೇಳ್ಬೇಕು. ನನ್ ಕೈಲಾಗಲ್ಲ," ಎಂದ. "ನೀವು ಬರ್ತೀರಾ?"

ಭಾನುವಾರ ಬೆಳಿಗ್ಗೆ ದೇವನೂರಿಗೆ ಹೋದರು. ಗುರುಬಸಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತೆಳ್ಳನೆಯ ಹೆಂಗಸು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಮಗನ ಜೊತೆ ಬಂದ ಹುಡುಗಿಯನ್ನು ನೋಡಿ ಸೆರಗು ಸರಿಮಾಡಿಕೊಂಡರು.

"ಅವ್ವ, ಅಕ್ಕನ ಕೇಸಿನ ಕಾಗದ ಬಂದದೆ. ಇವರು ಓದ್ತಾರೆ, ಕೇಳು."

ಗುರುಬಸಮ್ಮನ ಕೈ ನಿಂತಿತು. "ಇನ್ನೇನ್ ಉಳದದೆ ಕೇಳಾಕೆ," ಎಂದರು. ಆದರೆ ಎದ್ದು ಹೋಗಲಿಲ್ಲ.

ಪವಿತ್ರ ಓದಿದಳು. ಸಾಕ್ಷಿಗಳ ಮಾತು, ಕಾಗದದ ಅಚ್ಚಿನ ತಾರೀಖು, ಮೈದುನನ ಅಕ್ಷರ. ಕೊನೆಗೆ ಆ ಪ್ಯಾರಾ: "ಮೃತಳ ನಡತೆಯ ಬಗ್ಗೆ ಆರೋಪಿಗಳು ಹೇಳಿದ ಮಾತಿಗೆ ಎಳ್ಳಷ್ಟೂ ಆಧಾರವಿಲ್ಲ. ಸಾಯುವವರೆಗೂ ಹೊಡೆತ ತಿಂದ, ತವರಿಗೆ ಒಂದು ಮಾತೂ ಹೇಳದ, ನಿರ್ದೋಷಿ ಹೆಣ್ಣುಮಗಳು ಈಕೆ. ಕೊಂದವರು ಅವಳ ಪ್ರಾಣದ ಜೊತೆಗೆ ಹೆಸರನ್ನೂ ಕಸಿಯಲು ಈ ಪತ್ರಗಳನ್ನು ಸೃಷ್ಟಿಸಿದ್ದಾರೆ."

ಗುರುಬಸಮ್ಮ ಮಡಿಲಲ್ಲಿದ್ದ ಅವರೆಕಾಯಿಯನ್ನೇ ನೋಡುತ್ತಿದ್ದರು.

"ಜಡ್ಜು ಬರ್ದವ್ರಾ ಅಂಗೆ?"

"ಹೂಂ ಅಮ್ಮ."

"ಇನ್ನೊಂದಪ ಓದವ್ವ ಅದ."

ಪವಿತ್ರ ಮತ್ತೆ ಓದಿದಳು. ಮುಗಿಯುವಷ್ಟರಲ್ಲಿ ಗುರುಬಸಮ್ಮ ಎದ್ದು ನಿಂತಿದ್ದರು. ಮಡಿಲಿನ ಕಾಯಿ ನೆಲಕ್ಕೆ ಚೆಲ್ಲಿತು. ಬೀದಿಗೆ ಇಳಿದು, ಯಾರೂ ಎಂದೂ ಕೇಳಿರದ ದನಿಯಲ್ಲಿ ಕೂಗಿದರು:

"ಚಿಕ್ಕಬಸಮ್ಮ! ಬಾ ಈಚ್ಗೆ! ಎಲ್ಲಾ ಬನ್ರವ್ವ! ನನ್ ಗೌರಿ ವಿಚಾರ ಬರ್ದವ್ರೆ, ಕೇಳ್ಕೊಂಡೋಗಿ!"

ಎದುರುಮನೆಯ ಚಿಕ್ಕಬಸಮ್ಮ ಬಂದರು. ಇನ್ನಿಬ್ಬರು, ಮತ್ತೈವರು ಬಂದರು. ಅಂಗಡಿ ಮುಂದೆ ಕುಳಿತಿದ್ದ ಗಂಡಸರೂ ಬಂದು ದೂರದಲ್ಲಿ ನಿಂತರು. ಅವರಲ್ಲಿ ಕೆಲವರು ಆ ಪತ್ರಿಕೆ ಓದಿದವರು. ಪವಿತ್ರ ಜಗುಲಿಯ ಮೇಲೆ ನಿಂತು ಮೂರನೆಯ ಸಲ ಓದಿದಳು. ಚಿಕ್ಕಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ತಪ್ಪಾಯ್ತು ಕನಕ್ಕ, ನಾವೂ ಬಾಯಿಗ್ ಬಂದಂಗೆ ಆಡ್ಬುಟ್ಟೋ," ಎಂದು ಅತ್ತರು. ಗಂಡಸರು ಒಬ್ಬೊಬ್ಬರಾಗಿ ಹೊರಟುಹೋದರು.

ಜನ ಕರಗಿದ ಮೇಲೆ ಗುರುಬಸಮ್ಮ ಅವಳ ಗಲ್ಲ ಮುಟ್ಟಿದರು. "ಯಾರ ಮಗಳವ್ವ ನೀನು?"

ಈ ಪ್ರಶ್ನೆ ಬರುತ್ತದೆಂದು ಪವಿತ್ರಳಿಗೆ ಗೊತ್ತಿತ್ತು. "ನಂಜನಗೂಡು ಅಮ್ಮ. ನಮ್ಮಪ್ಪ ಪುಟ್ಟಬಸವಯ್ಯ, ನೀರಾವರಿ ಇಲಾಖೆಯಲ್ಲಿದ್ರು. ನಮ್ಮನೇಲಿ ಬುದ್ಧನಿಗೆ ದೀಪ ಹಚ್ತೀವಿ."

ಆ ಸೀಮೆಯಲ್ಲಿ ಅಷ್ಟು ಹೇಳಿದರೆ ಜಾತಿ ಹೇಳಿದಂತೆಯೇ. ಗುರುಬಸಮ್ಮನ ಕೈ ಗಲ್ಲದಿಂದ ಸರಿಯಿತು. ಒಳಗೆ ಹೋದರು. ಜಗುಲಿಗೇ ಒಂದು ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟರು. ಮಗ ತಲೆ ತಗ್ಗಿಸಿದ. ಪವಿತ್ರ ತಿಂದು, ತಟ್ಟೆ ತೊಳೆದಿಟ್ಟು ಹೊರಟಳು.

ಬಸ್ಸಿಗೆ ಕಾಯುತ್ತಾ ಇಬ್ಬರೂ ರಸ್ತೆಯಂಚಿನಲ್ಲಿ ನಿಂತರು. ಬಿಸಿಲು ಏರಿತ್ತು.

"ಅವ್ವನ ಪರವಾಗಿ..." ಅವನು ಶುರುಮಾಡಿದ.

"ಬೇಡ. ಇವತ್ತು ಅವರ ದಿನ."

"ಹಾಗಾದ್ರೆ ನನ್ ಪರವಾಗಿ ಹೇಳ್ತೀನಿ." ಅವನು ಅವಳ ಎದುರಿಗೆ ಬಂದು ನಿಂತ. "ಯಾರ ಮೇಲೆ ಅನುಮಾನ ಪಡ್ಬೇಕು, ಯಾರನ್ನ ನಂಬಬೇಕು ಅಂತ ನನಗೆ ಯಾವತ್ತೂ ತಿಳೀಲಿಲ್ಲ. ನಿಮ್ಮೊಬ್ಬರ ವಿಷಯದಲ್ಲಿ ಮಾತ್ರ ತಿಳೀತು. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ."

ಅವಳು ಕಣ್ಣೆತ್ತಿದಳು. ಇಷ್ಟು ದಿನ ಗಾಜಿನಲ್ಲಿ ನೋಡಿದ ಮುಖ ಈಗ ನೇರ ಎದುರಿಗಿತ್ತು. ಎಡಹುಬ್ಬಿನ ಕೆಳಗೆ ಸಣ್ಣದೊಂದು ಗಾಯದ ಗುರುತಿದೆ ಎಂಬುದನ್ನು ಅವಳು ಮೊದಲ ಸಲ ಕಂಡಳು.

"ನಂಗೂ ಇದೆ," ಎಂದಳು. "ಜುಲೈಯಿಂದ. ಆದ್ರೆ ಜಗುಲಿ ಮೇಲೆ ಕೂತು ಬಾಳೋಕಾಗಲ್ಲ ಅಮೃತೇಶ್. ಅವರ ಮನಸ್ಸು ನೋಯಿಸಿ ಒಳಗೆ ಬರೋಕೂ ಆಗಲ್ಲ. ಕಾಯ್ತೀನಿ."

ಬಸ್ಸಿನ ಧೂಳು ಕಾಣಿಸುವ ಹೊತ್ತಿಗೆ ಗುರುಬಸಮ್ಮ ಬಿರಬಿರನೆ ಬರುತ್ತಿದ್ದರು, ಕಾಲಲ್ಲಿ ಚಪ್ಪಲಿಯಿಲ್ಲ. ಹತ್ತಿರ ಬಂದು ಏದುಸಿರು ಬಿಟ್ಟರು. ಮಗನನ್ನು ನೋಡಲಿಲ್ಲ, ಅವಳನ್ನೇ ನೋಡಿದರು.

"ತಪ್ ಮಾಡ್ಬುಟ್ಟೆ ಕನವ್ವ. ನನ್ ಮಗಳ ಹೆಸ್ರ ಒಳಕ್ ತಂದೋಳ್ನ ಈಚ್ಲೇ ಕೂರ್ಸ್ಬುಟ್ಟೆ." ಅವಳ ಮಣಿಕಟ್ಟು ಹಿಡಿದರು. "ಬರೋ ಭಾನ್ವಾರ ಬಾ. ಓದಾಕಲ್ಲ. ಸುಮ್ನೆ ಬಾ. ಒಳ್ಗೆ ಕೂತ್ಕೊಂಡ್ ಉಣ್ಣಾನ."

ಅವಳು ಹೋದಳು. ಅದರ ಮುಂದಿನ ಭಾನುವಾರವೂ ಹೋದಳು. ಗುರುಬಸಮ್ಮ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಗೌರಿಯ ಮಾತಾಡುತ್ತಿದ್ದರು: ಬಾವಿಗೆ ಬಿದ್ದ ಕರುವನ್ನು ಎತ್ತಿಸಿದ್ದು, ಶಾಲೆಗೆ ಹೋಗಲು ಹಟ ಹಿಡಿದದ್ದು, ತಮ್ಮನಿಗೆ ಮಗ್ಗಿ ಕಲಿಸಿದ್ದು. ಪವಿತ್ರ ಆ ಲೇಖಕರಿಗೆ ತೀರ್ಪಿನ ಪ್ರತಿ ಸಮೇತ ಎರಡು ಪತ್ರ ಬರೆದಳು, ಉತ್ತರ ಬರಲಿಲ್ಲ. ಪುಟ್ಟಬಸವಯ್ಯ ಮಾತ್ರ ಒಂದು ವರ್ಷ ಒಪ್ಪಲಿಲ್ಲ. ಮಗಳನ್ನು ಬೀದಿಯಲ್ಲಿ ಕೂರಿಸಿದ ಮನೆಗೆ ಕೊಡುವುದಿಲ್ಲ ಎಂದರು. ಗುರುಬಸಮ್ಮ ತಾವೇ ನಂಜನಗೂಡಿಗೆ ಬಂದು, ಅವರ ಮನೆಯ ಒಳಗೆ ಕುಳಿತು, ಒಂದು ಲೋಟ ನೀರು ಕೇಳಿ ಕುಡಿದರು. ಆಮೇಲೆ ಪುಟ್ಟಬಸವಯ್ಯ ಇಲ್ಲವೆನ್ನಲಿಲ್ಲ.

ತೊಂಬತ್ತೆಂಟರ ಮೇ ತಿಂಗಳಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಅಮೃತೇಶನ ದೊಡ್ಡಪ್ಪ, ಚಿಕ್ಕಪ್ಪಂದಿರು ಬರಲಿಲ್ಲ. ಸಾಕ್ಷಿಗೆ ಮೂವರು ಬೇಕಿತ್ತು. ಶಿವನಂಜಮ್ಮ ಸಹಿ ಹಾಕಿದರು, ಚಿಕ್ಕಸ್ವಾಮಿ ಹಾಕಿದ. ಮೂರನೆಯವರಾಗಿ ಗುರುಬಸಮ್ಮ ಮುಂದೆ ಬಂದರು.

ಗುಮಾಸ್ತ ಇಂಕ್ ಪ್ಯಾಡ್ ಮುಂದಿಟ್ಟು, "ಇಲ್ಲಿ ಒತ್ತಿ ಅಜ್ಜಿ," ಎಂದ.

ಅವರು ಒತ್ತಲಿಲ್ಲ. ಹೆಬ್ಬೆರಳು ಕಾಗದದ ಮೇಲೆ ಹಾಗೇ ನಿಂತಿತು.

"ಮೊದ್ಲು ನನ್ ಸೊಸೆ ಓದ್ಲಿ," ಎಂದರು. "ನಮ್ಮನೆ ಎಣ್ ಮಕ್ಳ ಬಗ್ಗೆ ಏನ್ ಬರ್ದವ್ರೋ, ಕೇಳ್ದೆ ನಾನ್ ಒತ್ತಲ್ಲ."

ಪವಿತ್ರ ಕಾಗದ ಎತ್ತಿಕೊಂಡು, ಎಲ್ಲರಿಗೂ ಕೇಳುವಂತೆ, ಮೊದಲ ಸಾಲಿನಿಂದ ಓದತೊಡಗಿದಳು.